ಹಿಂಬಾಗಿಲ ಹಿರಿಯಳು

ಲಂಡನ್ನಿನ ಅಂಚಿನ ಹೇಸ್‌ನ ಆ ಮನೆಯಲ್ಲಿ ಸ್ನಾನಕ್ಕೆ ಹೋಗಬೇಕೆಂದರೆ ಅಡುಗೆಮನೆ ದಾಟಿಯೇ ಹೋಗಬೇಕಿತ್ತು. ಆ ಸಾಲುಮನೆಗಳನ್ನು ಕಟ್ಟಿದ ಕಾಲದಲ್ಲಿ ಬಚ್ಚಲೇ ಇರಲಿಲ್ಲವಂತೆ. ಆಮೇಲೆ ಯಾರೋ ಹಿತ್ತಲ ಕಡೆಗೆ ಚಪ್ಪಟೆ ಸೂರಿನ ತುಂಡು ಕೋಣೆಯೊಂದನ್ನು ಅಂಟಿಸಿ, ತೊಟ್ಟಿ ಕಮೋಡು ಎಲ್ಲವನ್ನೂ ಅದರೊಳಗೆ ತುರುಕಿದ್ದರು. ಒಲೆಯ ಪಕ್ಕದಿಂದ ಟವೆಲ್ಲು ಸುತ್ತಿಕೊಂಡು ಓಡಾಡುವ ಮನೆ ಯಾವ ಸೀಮೆಯದು ಎಂದು ಅವ್ವ ಮೊದಲ ದಿನವೇ ಗೊಣಗಿದಳು. ಅಪ್ಪನಿಗೆ ಸ್ಟೇಷನ್ ಹತ್ತಿರವಿದ್ದದ್ದೇ ಸಾಕಾಗಿತ್ತು. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆ, ಅದರ ಹಿಂದೆ ನಡುಕೋಣೆ, ಅದರ ಹಿಂದೆ ಅಡುಗೆಮನೆ, ಕಡೆಗೆ ಬಚ್ಚಲು. ಅಡುಗೆಮನೆಗೂ ಬಚ್ಚಲಿಗೂ ನಡುವೆ ಹಿತ್ತಲಿಗೆ ತೆರೆಯುವ ಹಸಿರು ಬಣ್ಣದ ಹಿಂಬಾಗಿಲು. ಮೇಲೆ ಅಪ್ಪ ಅವ್ವನ ಕೋಣೆ ಮತ್ತು ನನ್ನದೊಂದು ಗೂಡು. ಹಿತ್ತಲಿನ ಆಚೆ ಕಸದ ಡಬ್ಬಿಗಳ ಓಣಿ, ಓಣಿಯ ಆಚೆ ಇನ್ನೊಂದು ಸಾಲಿನ ಹಿತ್ತಲುಗಳು. ಎಲ್ಲ ಮನೆಗಳೂ ಒಂದಕ್ಕೊಂದು ಬೆನ್ನು ತಿರುಗಿಸಿ ಕೂತಿದ್ದವು.

ಮನೆ ಸಾಮಾನುಸಮೇತ ಬಂದಿತ್ತು. ಮಾಲೀಕನನ್ನು ನಾವು ಕಂಡದ್ದೇ ಇಲ್ಲ. ಏಜೆಂಟ್ ಒಬ್ಬ ಬೀಗದ ಕೈ ಕೊಟ್ಟು ಹೋದ, ಅಷ್ಟೇ. ನಡುಕೋಣೆಯಲ್ಲಿ ಎತ್ತರ ಬೆನ್ನಿನ ಒಂದು ಕುರ್ಚಿ ಇತ್ತು, ಅದರ ಕೈಗಳ ಮೇಲಿನ ಬಟ್ಟೆ ಸವೆದು ನೂಲು ಕಾಣುತ್ತಿತ್ತು. ಸ್ನಾನದ ತೊಟ್ಟಿಯಿಂದ ಏಳುವಾಗ ಹಿಡಿದುಕೊಳ್ಳಲು ಗೋಡೆಗೆ ಬಿಳಿಯ ಹಿಡಿಕೆ ಹಾಕಿತ್ತು. ಕಪಾಟಿನಲ್ಲಿ ಸಣ್ಣ ಹೂವಿನ ಟೀ ಕಪ್ಪುಗಳು. ಇದು ಒಬ್ಬ ಮುದುಕಿಯ ಮನೆ ಎಂದು ಕುರುಡನಿಗೂ ಗೊತ್ತಾಗುತ್ತಿತ್ತು. ಅವಳು ಎಲ್ಲಿ ಎಂದು ನಾವು ಕೇಳಲಿಲ್ಲ, ಏಜೆಂಟ್ ಹೇಳಲಿಲ್ಲ. ಸತ್ತಿರಬೇಕು ಎಂದು ಅವ್ವ ಅಂದಳು, ಅಪ್ಪ ಹೂಂಗುಟ್ಟಿದ, ಅಲ್ಲಿಗೆ ಆ ಮಾತು ಮುಗಿಯಿತು.

ನನಗೆ ಮಾತ್ರ ಮುಗಿಯಲಿಲ್ಲ. ಅವ್ವ ಏರ್‌ಪೋರ್ಟಿನ ಅಡುಗೆ ಶೆಡ್ಡಿನಲ್ಲಿ ವಿಮಾನದ ಊಟದ ಟ್ರೇ ತುಂಬುತ್ತಿದ್ದಳು. ಅಪ್ಪ ಪಾರ್ಕ್ ರಾಯಲ್‌ನ ಒಂದು ಗೋದಾಮಿನ ಆಫೀಸಿನಲ್ಲಿದ್ದ. ಶಾಲೆ ಬಿಟ್ಟು ಬಂದ ಮೇಲೆ ಅವ್ವ ಬರುವವರೆಗೆ ಆ ಮನೆಯಲ್ಲಿ ನಾನೊಬ್ಬಳೇ. ಹತ್ತು ವರ್ಷದವಳಿಗೆ ಅದೇನು ದೊಡ್ಡ ಹೊತ್ತಲ್ಲ, ಆದರೆ ಚಳಿಗಾಲದಲ್ಲಿ ಶಾಲೆ ಬಿಡುವಾಗಲೇ ಕತ್ತಲು ಇಳಿಯುತ್ತಿತ್ತು. ಒಳಗೆ ಬಂದರೆ ಬೆಳಿಗ್ಗೆ ಗೋಡೆಗೆ ಒತ್ತಿಕೊಂಡಿದ್ದ ಕುರ್ಚಿ ಕಿಟಕಿಗೆ ಮುಖ ಮಾಡಿ ನಿಂತಿರುತ್ತಿತ್ತು. ಅವ್ವ ಮುದ್ದೆ ಮಾಡಿ ಎಸೆದು ಹೋಗಿದ್ದ ಪಾತ್ರೆ ಒರೆಸುವ ಬಟ್ಟೆ ನೀಟಾಗಿ ಮಡಿಕೆಯಾಗಿ ಓವನ್ನಿನ ಹಿಡಿಗೆ ನೇತಾಡುತ್ತಿತ್ತು. ನಲ್ಲಿಯನ್ನು ಯಾರೋ ಎಷ್ಟು ಬಿಗಿಯಾಗಿ ತಿರುವಿರುತ್ತಿದ್ದರೆಂದರೆ ನನಗೆ ಬಿಚ್ಚಲು ಆಗುತ್ತಿರಲಿಲ್ಲ. ಅವ್ವ ಇದೆಲ್ಲ ಅಪ್ಪನ ಕೆಲಸ ಅಂದುಕೊಂಡಿದ್ದಳು, ಅಪ್ಪ ಅವ್ವನದು ಅಂದುಕೊಂಡಿದ್ದ. ಅವರು ಒಬ್ಬರನ್ನೊಬ್ಬರು ಕೇಳುವಷ್ಟು ಹೊತ್ತು ಒಟ್ಟಿಗೆ ಕೂರುತ್ತಲೇ ಇರಲಿಲ್ಲ. ನಾನು ಕೋಟು ಸಹ ಬಿಚ್ಚದೆ ಮೆಟ್ಟಿಲ ಕೆಳಗಿನ ಹಂತದಲ್ಲಿ, ಮುಂಬಾಗಿಲು ಕಾಣುವ ಹಾಗೆ ಕೂತಿರುತ್ತಿದ್ದೆ. ಹೆದರಿಕೆಯಾಗುತ್ತಿತ್ತು ಎಂದು ಯಾರಿಗೂ ಹೇಳಲಿಲ್ಲ, ಹೇಳಿದರೆ ಪಕ್ಕದ ಬೀದಿಯ ಯಾರದೋ ಮನೆಯಲ್ಲಿ ಬಿಡುತ್ತಾರೆಂಬ ಇನ್ನೊಂದು ಹೆದರಿಕೆ ಇತ್ತು.

ಹಾಗಾಗಿ ಧಾರವಾಡದಿಂದ ಆಯಿ, ಅಂದರೆ ಅಪ್ಪನ ತಾಯಿ, ನಮ್ಮಲ್ಲಿ ಇರಲು ಬಂದ ದಿನ ನನ್ನ ಪಾಲಿಗೆ ಹಬ್ಬವಾಗಿತ್ತು. ನಡುಕೋಣೆ ಆಯಿಯದಾಯಿತು. ಅವಳು ಮಂಚ ಒಲ್ಲೆ ಎಂದು ಕಿಟಕಿಯ ಕೆಳಗೆ ಹಾಸಿಗೆ ಹಾಸಿಕೊಂಡಳು. ಆ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ನಿಗೆ ಕಾಯುತ್ತಿದ್ದಳು, ಎದುರಿಗೆ ನಿಂತವರ ಆಕಾರ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಆದರೂ ಕೈ ತಡವಿಯೇ ರೊಟ್ಟಿ ಬಡಿಯುತ್ತಿದ್ದಳು. ಶಾಲೆಯಿಂದ ಬಂದು ಬಾಗಿಲು ತೆರೆದರೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನನ್ನ ಕೋಟು ಕೂಡಲೇ ಬಿಚ್ಚಿಹೋಗುತ್ತಿತ್ತು. ಅಪ್ಪ ಅವ್ವನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು ಆಯಿಯ ಜೊತೆ ಮಾತ್ರ ಕನ್ನಡದಲ್ಲಿ ಮಾತಾಡುತ್ತಿದ್ದೆ, ಏಕೆಂದರೆ ಅವಳಿಗೆ ಬೇರೆ ಯಾವುದೂ ಬರುತ್ತಿರಲಿಲ್ಲ.

ಇನ್ನು ಅಪ್ಪನ ವಿಷಯ ಹೇಳಬೇಕು. ಅಪ್ಪ ಈ ಊರಿಗೆ ಬಂದದ್ದು ಗೋದಾಮಿನ ಲೆಕ್ಕ ಬರೆಯಲು ಅಲ್ಲ, ಪಿಎಚ್‌ಡಿ ಮಾಡಲು. ಸ್ಕಾಲರ್‌ಶಿಪ್ ಮುಗಿದರೂ ಪ್ರಬಂಧ ಮುಗಿದಿರಲಿಲ್ಲ. ಇಂಗ್ಲೆಂಡಿನ ರಾಜನನ್ನು ಬಿಟ್ಟು ಬಂದ ಅಮೆರಿಕದ ಮೊದಮೊದಲ ಕತೆಗಾರರು, ನಾವು ಇಂಗ್ಲಿಷರಲ್ಲ, ಬೇರೆಯೇ ಒಂದು ಜನ ಎಂದು ತಮ್ಮನ್ನು ತಾವೇ ಹೇಗೆ ನಂಬಿಸಿಕೊಂಡರು ಎನ್ನುವುದು ಅವನ ವಿಷಯ. ಧಾರವಾಡದ ಹುಡುಗ ಲಂಡನ್ನಿಗೆ ಬಂದು ಅಮೆರಿಕದ ಬಗ್ಗೆ ಬರೆಯುವುದು ಏನು ಬಡಿವಾರ ಎಂದು ಅವ್ವ ಚುಚ್ಚುತ್ತಿದ್ದಳು. ಸಂಜೆ ಊಟಕ್ಕೆ ಕೂತಾಗ ಅಪ್ಪನಿಗೆ ಇದ್ದ ಶ್ರೋತೃ ಆಯಿ ಒಬ್ಬಳೇ. ಅವಳು ಮಗನ ಮಾತನ್ನು ಪುರಾಣ ಕೇಳುವ ಹಾಗೆ ಕೇಳುತ್ತಿದ್ದಳು.

"ಅವರ ಹತ್ರ ಜಮೀನಿತ್ತು, ಬಾವುಟ ಇತ್ತು, ದಂಡಿತ್ತು. ತಮ್ಮದು ಅನ್ನೋ ಒಂದು ಕತಿ ಇರಲಿಲ್ಲ. ಒಂದು ಹಾಳುಬಿದ್ದ ಕ್ವಾಟಿ ಇಲ್ಲ, ಹಳೇ ಗುಡಿ ಇಲ್ಲ, ಒಂದು ದೆವ್ವ ಸುದ್ದಾ ಇಲ್ಲ, ಇಂಥಾ ದೇಶದಾಗ ಏನಂತ ಬರೀಬೇಕು ಅಂತ ಅವರಿಗೆ ಭಾಳ ಚಿಂತಿ ಆಗಿತ್ತು."

"ದೆವ್ವ ಇಲ್ಲದ್ದು ಛಲೋನ ಆತಲ್ಲೋ."

"ಹಂಗಲ್ಲ ಯವ್ವಾ. ಹಿಂದಿನವರು ಯಾರೂ ಇಲ್ಲದ ಜಾಗಾ ತಮ್ಮದು ಅನಸೂದಿಲ್ಲ. ಅದಕ್ಕ ಅವರು ದೆವ್ವ ಮಾಡಿಕೊಂಡ್ರು."

"ಯಾರನ್ನ ಮಾಡಿಕೊಂಡ್ರು?"

"ಮೊದಲ ಆ ಅಡವ್ಯಾಗ ಇದ್ದ ಮಂದೀನ್ನ. ಕತಿಯೊಳಗ ಅವರು ನೆರಳಿನಂಗ ಬರ್ತಾರ, ಗಿಡದ ಸಂದ್ಯಾಗ ನಿಲ್ಲತಾರ, ಮಾಯ ಆಗತಾರ."

ಆಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹಿಂಬಾಗಿಲ ಕಡೆಗೆ ಮುಖ ಮಾಡಿದಳು. ಮರುದಿನ ನಾನು ಶಾಲೆಯಿಂದ ಬಂದಾಗ ಅವಳು ಅಡುಗೆಮನೆಯಲ್ಲಿ ನಿಂತು ಹಿತ್ತಲನ್ನೇ ನೋಡುತ್ತಿದ್ದಳು.

"ನೀಲವ್ವ, ಅಲ್ಲಿ ಯಾರರೆ ಅದಾರೇನು ನೋಡು."

ನನಗೆ ಕಂಡದ್ದು ಒದ್ದೆ ಹುಲ್ಲು, ಬಟ್ಟೆ ಒಣಹಾಕುವ ಕಂಬ, ಓಣಿಯ ಕದ. ಕದ ತೆರೆದಿತ್ತು.

"ಯಾರೂ ಇಲ್ಲ ಆಯಿ."

"ಇದ್ಲು. ಬಿಳೇ ಕೂದಲದಾಕಿ. ದಿನಾ ಬರತಾಳ. ನಿಂತು ಮನೀನ್ನ ನೋಡತಾಳ, ಹೋಗತಾಳ. ನಾ ಮಧ್ಯಾಹ್ನ ಕಣ್ಣು ಮುಚ್ಚಿದಾಗ ಒಳಗೂ ಬರತಾಳ. ಕುರ್ಚಿ ಸರಕ್ ಅಂತೈತಿ."

ಆಯಿಗೆ ಅದರಲ್ಲಿ ಹೆದರಿಕೆ ಏನೂ ಇರಲಿಲ್ಲ. ಮನೆ ಎಂದ ಮೇಲೆ ಅದಕ್ಕೊಬ್ಬ ಹಿರಿಯರು ಇರಲೇಬೇಕು, ಇದ್ದಾರೆ, ಸರಿ. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಆ ಹಿರಿಯಳ ಒಪ್ಪಿಗೆಯನ್ನು ನಾವು ಕೇಳಿಲ್ಲ. ಕೇಳದೆ ಒಲೆ ಹೊತ್ತಿಸಿದ್ದೇವೆ, ಕೇಳದೆ ಹಾಸಿಗೆ ಹಾಸಿದ್ದೇವೆ. ದಿನ ಕಳೆದಂತೆ ಆಯಿಯ ನಿದ್ದೆ ಹೋಯಿತು, ಊಟ ಕಮ್ಮಿಯಾಯಿತು. ಒಂದು ಸಂಜೆ ಅವಳು ಅಪ್ಪನಿಗೆ ಹೇಳಿಯೇಬಿಟ್ಟಳು.

"ನನ್ನ ಹುಬ್ಬಳ್ಳಿಗೆ ನಿನ್ನ ತಮ್ಮನ ಮನಿಗೆ ಕಳಿಸಿಬಿಡಪಾ. ಯಜಮಾನ್ತಿ ಬ್ಯಾಡ ಅನ್ನೋ ಮನ್ಯಾಗ ಸಾಯೂದು ನನಗ ಬ್ಯಾಡ."

ಅಪ್ಪ ನಕ್ಕ, ಆಮೇಲೆ ಸಿಟ್ಟಾದ, ಕಡೆಗೆ ಟಿಕೆಟ್ ನೋಡುತ್ತೇನೆ ಎಂದ. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಆಯಿ ಹೋದರೆ ಮತ್ತೆ ಆ ಸಂಜೆಗಳು, ಆ ಕುರ್ಚಿ, ಆ ಮಡಚಿದ ಬಟ್ಟೆ, ಮತ್ತು ನಾನೊಬ್ಬಳು. ಮರುದಿನ ಶಾಲೆಯಿಂದ ಬಂದವಳೇ ನಾನು ಆಯಿಯ ಮುಂದೆ ಕೂತೆ.

"ಆಕೀನ್ನ ನಾವು ಕೇಳೂಣು ಆಯಿ. ನೀ ಹೇಳು, ನಾ ಇಂಗ್ಲಿಷ್‌ನ್ಯಾಗ ಕೇಳತೀನಿ."

ಆಯಿಯ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಈ ತಾಪತ್ರಯಕ್ಕೆ ಭಾಷೆಯದೊಂದು ಅಡ್ಡಿ ಇದೆ, ಅದನ್ನು ದಾಟಿಸುವವಳು ಮನೆಯಲ್ಲೇ ಇದ್ದಾಳೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಮುಖ ತೊಳೆದು, ಸೆರಗು ಹೊದ್ದು, ಖಾಲಿ ಕುರ್ಚಿಯ ಎದುರು ನೆಲದ ಮೇಲೆ ಕೂತಳು. ನಾನು ಇಬ್ಬರ ನಡುವೆ ನಿಂತೆ. ಬಲೆಪರದೆಯಿಂದ ಬರುತ್ತಿದ್ದ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಯವ್ವಾ, ನಾವು ದೂರದಿಂದ ಬಂದೀವಿ. ನಿಮ್ಮ ಮನೀನ್ನ ಹೊಲಸು ಮಾಡಿಲ್ಲ. ನಿಮ್ಮ ಭಾಂಡೆ ಸಾಮಾನು ಒಡದಿಲ್ಲ. ಇರಂದ್ರ ಇರತೀವಿ, ಬ್ಯಾಡಂದ್ರ ಹೋಗತೀವಿ. ಒಂದು ಮಾತು ಹೇಳ್ರಿ."

ಟೀಚರಿಗೆ ಹೇಳುವಂತೆ ನಾನು "ಎಕ್ಸ್‌ಕ್ಯೂಸ್ ಮಿ" ಎಂದು ಶುರುಮಾಡಿ, ಅದನ್ನೆಲ್ಲ ಇಂಗ್ಲಿಷಿನಲ್ಲಿ ಕುರ್ಚಿಗೆ ಒಪ್ಪಿಸಿದೆ. ಆಯಿಯ ಮಾತಿನಲ್ಲಿದ್ದ ಮರ್ಯಾದೆ ನನ್ನ ಇಂಗ್ಲಿಷಿನಲ್ಲಿ ಎಲ್ಲೂ ಕೂರುತ್ತಿರಲಿಲ್ಲ, ಅದಕ್ಕೆ ಅಲ್ಲಲ್ಲಿ ಪ್ಲೀಸ್ ಸೇರಿಸಿದೆ. ಬಚ್ಚಲಿನಲ್ಲಿ ಎಲ್ಲೋ ಪೈಪು ಗುಡುಗುಟ್ಟಿತು.

"ಏನಂದ್ಲು?"

"ಇರ್ರಿ ಅಂದ್ಲು," ಎಂದೆ. ಅದು ನಾನು ಮೊದಲೇ ಹೇಳಬೇಕೆಂದು ಇಟ್ಟುಕೊಂಡಿದ್ದ ಉತ್ತರ. ಆದರೆ ನನ್ನ ಬಾಯಿ ಅಲ್ಲಿಗೆ ನಿಲ್ಲಲಿಲ್ಲ. "ಹಿಂದಿನ ಬಾಗಲಕ್ಕ ಚಿಲಕಾ ಹಾಕಬ್ಯಾಡ್ರಿ ಅಂದ್ಲು."

ಆ ಎರಡನೆಯ ಮಾತನ್ನು ನಾನು ಯೋಚಿಸಿರಲಿಲ್ಲ. ಚಿಲಕದ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ. ಆಯಿ ಬಂದಮೇಲೆ ರಾತ್ರಿಯ ಹೊತ್ತು ಅಪ್ಪ ಒಳಗಿನಿಂದ ಒಂದು ಚಿಲಕ ಹಾಕುತ್ತಿದ್ದ, ಹಬ್ಬ ಹರಿದಿನ ಎಲ್ಲರೂ ಮನೆಯಲ್ಲಿದ್ದಾಗ ಅವ್ವ ಹಗಲಿಗೂ ಹಾಕುತ್ತಿದ್ದಳು, ಅಷ್ಟೇ. ಇಂದು ನನ್ನ ಹೊಟ್ಟೆಪಾಡು ದುಭಾಷಿಯ ಕೆಲಸ. ಜಿಪಿ ಡಾಕ್ಟರ ಕೋಣೆಯಲ್ಲಿ, ಕೌನ್ಸಿಲ್ ಆಫೀಸಿನಲ್ಲಿ ನಮ್ಮ ಕಡೆಯ ಮುದುಕ ಮುದುಕಿಯರ ಪಕ್ಕ ಕೂತು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುತ್ತೇನೆ. ಸಾವಿರಾರು ಜನರ ಮಾತು ನನ್ನ ಬಾಯಿಂದ ಹಾದುಹೋಗಿದೆ. ಯಾರದೋ ಮಾತು ನನ್ನ ಬಾಯಲ್ಲಿ ಬಂದಾಗ ಹೇಗನಿಸುತ್ತದೆ ಎಂದು ನನಗೆ ಗೊತ್ತು. ಅವತ್ತು ಹಾಗೆಯೇ ಅನಿಸಿತ್ತು.

ಆಯಿ ಆ ರಾತ್ರಿ ಹೊಟ್ಟೆ ತುಂಬ ಉಂಡಳು. ಊಟದ ನಡುವೆ ಅಪ್ಪನಿಗೆ ಸುದ್ದಿ ತಿಳಿಸಿದಳು. ಹಿರಿಯಳು ಒಪ್ಪಿದ್ದಾಳೆ, ಟಿಕೆಟ್ ಬೇಡ, ಹಿಂಬಾಗಿಲಿಗೆ ಮಾತ್ರ ಇನ್ನು ಮುಂದೆ ಚಿಲಕ ಹಾಕುವಂತಿಲ್ಲ. ಅಪ್ಪ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ನನ್ನನ್ನು ನೋಡಿದ.

"ಇದ ನಾ ಈಗ ಬರ್ಯಾಕತ್ತ ಅಧ್ಯಾಯ," ಎಂದ. "ಆ ಕತಿಗಳೊಳಗ ಕಡೀಕ ಒಬ್ಬ ಮುದುಕ ಬರತಾನ. ಆ ಮಂದಿಯ ಹಿರಿಯ. ಗುಡ್ಡದ ಮ್ಯಾಲೆ ನಿಂತು, ನಮ್ಮ ಕಾಲ ಮುಗೀತು, ಈ ನೆಲ ಇನ್ನ ನಿಮ್ಮದು, ಸುಖವಾಗಿರ್ರಿ ಅಂತ ಹರಸಿ ಸಾಯತಾನ. ಎಲ್ಲಾ ಕತಿಯೊಳಗೂ ಸಾಯತಾನ, ಎಲ್ಲಾ ಕತಿಯೊಳಗೂ ಹರಸತಾನ."

"ದೊಡ್ಡ ಮನಸಿನಾವ," ಎಂದಳು ಆಯಿ.

"ಅವನ ಬಾಯಾಗ ಆ ಮಾತು ಇಟ್ಟಾವರು ಯಾರು ಯವ್ವಾ? ನೆಲಾ ತಗೊಂಡಾವರು. ಮತ್ತ ಆ ಮುದುಕನ ಮಂದಿ ಸತ್ತಿರಲೂ ಇಲ್ಲ. ಹೊಳಿ ಆಚೆ ಬದುಕೇ ಇದ್ರು. ಇವರು ಪುಸ್ತಕದಾಗ ಅವರ ತಿಥಿ, ದಿನಾ ಎಲ್ಲಾ ಮಾಡಿ ಮುಗಿಸಿದ್ರು."

ನಾನು ಅನ್ನ ಕಲಸುತ್ತಲೇ ಇದ್ದೆ. ಕಿವಿ ಬಿಸಿಯಾಗಿತ್ತು. ಅಪ್ಪ ನನ್ನ ಕಡೆ ಮತ್ತೆ ನೋಡಲಿಲ್ಲ, ಆದರೆ ಟಿಕೆಟ್ಟಿನ ಮಾತನ್ನೂ ಎತ್ತಲಿಲ್ಲ. ತನ್ನ ತಾಯಿ ಇಲ್ಲೇ ಇರುವುದು ಅವನಿಗೂ ಬೇಕಾಗಿತ್ತು.

ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅದು ಹಿರಿಯರ ಹಬ್ಬ. ತೀರಿಕೊಂಡವರಿಗೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಮನೆಯವರೆಲ್ಲ ಹೊರಗೆ ಕೂರಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಲಂಡನ್ನಿನಲ್ಲಿ ಅವ್ವ ಇದನ್ನು ಒಂದು ಹಿಡಿ ಅನ್ನದಲ್ಲಿ ಮುಗಿಸುತ್ತಿದ್ದಳು. ಆ ವರ್ಷ ಆಯಿ ಇದ್ದಳು, ಮನೆಯ ಹಿರಿಯಳ ಒಪ್ಪಿಗೆಯೂ ಸಿಕ್ಕಿತ್ತು, ಆದ್ದರಿಂದ ಹಬ್ಬ ಹಬ್ಬದಂತೆಯೇ ಆಗಬೇಕಿತ್ತು. ಅಪ್ಪ ವೆಂಬ್ಲಿಯ ಈಲಿಂಗ್ ರೋಡಿನಿಂದ ಬಾಳೆಲೆ, ಬದನೆಕಾಯಿ, ಒಣಕೊಬ್ಬರಿ ತಂದ. ಹೋಳಿಗೆ, ಕಟ್ಟಿನ ಸಾರು, ಕಡುಬು, ಎಲ್ಲ ಆಯಿತು. ಅಜ್ಜನಿಗೆ ಧೋತರ ಇಟ್ಟರು. ಆಯಿಯ ಅತ್ತೆಗೆ ಇಳಕಲ್ ಸೀರೆ. ಮತ್ತೆ ಬಿಳಿಯ ಕೂದಲಿನವಳಿಗೆ ಏನು ಇಡುವುದು ಎಂದು ಬಹಳ ಚರ್ಚೆಯಾಗಿ, ಅವ್ವ ಹೈಸ್ಟ್ರೀಟಿನಿಂದ ತಿಳಿನೀಲಿ ಬಣ್ಣದ ಒಂದು ಕಾರ್ಡಿಗನ್ ತಂದಿದ್ದಳು. ಅದನ್ನು ಕುರ್ಚಿಯ ಬೆನ್ನಿಗೆ ಹಾಕಿ, ಕುರ್ಚಿಯ ಮುಂದೆ ಸಣ್ಣ ಮೇಜಿನ ಮೇಲೆ ಅವಳ ಎಲೆ ಹಾಸಿದರು. ನೆಲದ ಮೇಲೆ ಕೂತು ಉಂಡು ಅವಳಿಗೆ ರೂಢಿ ಇರಲಿಕ್ಕಿಲ್ಲ ಎಂದು ಆಯಿಯೇ ಹೇಳಿದ್ದಳು.

ಧೂಪ ಹಾಕಿ, ನಡುಕೋಣೆಯ ಕದ ಮುಚ್ಚಿ, ನಾವು ನಾಲ್ವರೂ ಮುಂದಿನ ಕೋಣೆಯಲ್ಲಿ ಕೂತೆವು. ಹಾಡು ಹಗಲು. ಹೊರಗೆ ಯಾರೋ ಕಾರು ತೊಳೆಯುತ್ತಿದ್ದರು. ಅವ್ವ ಫೋನು ನೋಡುತ್ತಿದ್ದಳು. ಮೊದಲು ಕೇಳಿಸಿದ್ದು ಹಿಂಬಾಗಿಲಿನ ಕೀಲು. ಅವ್ವ ಫೋನು ಕೆಳಗಿಟ್ಟಳು. ಆಮೇಲೆ ಅಡುಗೆಮನೆಯ ಲಿನೋಲಿಯಮ್ಮಿನ ಮೇಲೆ ಎಳೆದು ಎಳೆದು ಇಡುವ ಹೆಜ್ಜೆ. ನಲ್ಲಿ ಬಿಗಿಯಾಗಿ ತಿರುಗಿದ ಸದ್ದು. ಕುರ್ಚಿ ಕಿರುಗುಟ್ಟಿತು. ಅಪ್ಪ ಎದ್ದುನಿಂತ. ಆಯಿ ಅವನ ಅಂಗಿಯ ತುದಿ ಹಿಡಿದು ಕೂರಿಸಿದಳು. ಅವಳ ಮುಖದಲ್ಲಿ ಇದ್ದದ್ದು ಸಂತೋಷ, ಅಚ್ಚ ಸಂತೋಷ.

"ಉಣ್ಣಲಿ. ಅವಸರ ಮಾಡಬ್ಯಾಡ್ರಿ," ಎಂದು ಪಿಸುಗುಟ್ಟಿದಳು.

ನಾವು ಕೂತೇ ಇದ್ದೆವು. ಗೋಡೆಯ ಆಚೆ ಯಾರೋ ನಿಧಾನವಾಗಿ ಅಗಿಯುತ್ತಿದ್ದರು. ನನ್ನ ಕೈ ಅವ್ವನ ಕೈಯೊಳಗಿತ್ತು. ಎರಡೂ ತಣ್ಣಗಿದ್ದವು. ಕಡೆಗೆ ಅಪ್ಪನೇ ತಡೆಯಲಾರದೆ ಕದ ತೆರೆದ.

ಬಿಳಿಯ ಕೂದಲಿನ ಮುದುಕಿ ಕುರ್ಚಿಯಲ್ಲಿ ಕೂತಿದ್ದಳು. ತಿಳಿನೀಲಿ ಕಾರ್ಡಿಗನ್ ತೊಟ್ಟು ಗುಂಡಿಯನ್ನೂ ಹಾಕಿಕೊಂಡಿದ್ದಳು. ಹೋಳಿಗೆಯನ್ನು ಸಣ್ಣ ಸಣ್ಣ ತುಂಡು ಮಾಡಿ ತಿನ್ನುತ್ತಿದ್ದಳು. ಅವಳು ನಮ್ಮನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಬೆಚ್ಚಲಿಲ್ಲ, ಬೆದರಲಿಲ್ಲ. ದಿನವೂ ಕಾಣುವುದನ್ನು ಇವತ್ತೂ ಕಂಡೆನಲ್ಲ ಎಂಬ ದಣಿವು ಇತ್ತು ಅದರಲ್ಲಿ.

"ನೀವಿನ್ನೂ ಹೋಗಿಲ್ಲವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ನನ್ನ ಮನೆಯಲ್ಲಿ ಯಾರೋ ಇದ್ದಾರೆ ಎಂದು ಮಗನಿಗೆ ಹೇಳಿದೆ. ಒಬ್ಬಳು ಗಿಡ್ಡನೆಯ ಮುದುಕಿ, ಒಂದು ಮಗು. ಅಲ್ಲಿ ಯಾರೂ ಇಲ್ಲ ಅಮ್ಮ, ನಿನಗೆ ಹಾಗೆ ಕಾಣಿಸುತ್ತದೆ ಅಷ್ಟೇ ಅಂತಾನೆ."

ನನಗೆ ಒಂದು ಕ್ಷಣ ಅವಳ ಮಗನ ಮಾತೇ ನಿಜ ಅನಿಸಿತು. ನಾವು ಇಲ್ಲವೇನೋ. ಧೂಪದ ಹೊಗೆಯಲ್ಲಿ ಅಪ್ಪ, ಅವ್ವ, ಆಯಿ ಎಲ್ಲರೂ ಮಸುಕಾಗಿದ್ದರು, ಆ ಕೋಣೆಯಲ್ಲಿ ಸ್ಪಷ್ಟವಾಗಿ ಇದ್ದವಳು ಅವಳೊಬ್ಬಳೇ. ಮೊದಲು ಎಚ್ಚೆತ್ತವಳು ಅವ್ವ. ನೇರವಾಗಿ ಹೋಗಿ ಆ ಮುದುಕಿಯ ಕೈ ಹಿಡಿದಳು. ಮಣಿಕಟ್ಟಿನಲ್ಲಿ ಪ್ಲಾಸ್ಟಿಕ್ ಪಟ್ಟಿ ಇತ್ತು, ಅದರಲ್ಲಿ ಡೋರೀನ್ ಎಂಬ ಹೆಸರು, ಒಂದು ಫೋನ್ ನಂಬರು.

"ಅತ್ತಿ," ಎಂದಳು ಅವ್ವ, "ಕೈ ಬೆಚ್ಚಗೈತಿ."

ಆಯಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು. ಅವಳ ಬಾಯಿಂದ ಹೊರಟದ್ದು ಅಳುವೋ ನರಳಾಟವೋ ತಿಳಿಯಲಿಲ್ಲ. ಬದುಕಿರುವವರಿಗೆ ಹಿರಿಯರ ಎಡೆ ಇಡುವುದು ಎಂದರೆ ಅವರನ್ನು ಕೈಯಾರೆ ಸಾಯಿಸಿದಂತೆ. ವೈರಿಗೂ ಯಾರೂ ಹಾಗೆ ಮಾಡುವುದಿಲ್ಲ. ಅದನ್ನು ಆ ಹೆಂಗಸು ಉಂಡಿದ್ದಳು, ಸತ್ತವರಿಗೆಂದು ಇಟ್ಟ ಬಟ್ಟೆಯನ್ನು ತೊಟ್ಟಿದ್ದಳು.

"ಬದುಕಿದಾಕಿ ದಿನಾ ಮಾಡಿದೆನಲ್ಲೋ," ಎಂದು ಆಯಿ ಅಪ್ಪನನ್ನು ಹಿಡಿದುಕೊಂಡಳು. "ನನ್ನ ಕೈಲೆ ಮಾಡಿದೆನಲ್ಲೋ."

ವರ್ಷಗಟ್ಟಲೆ ಅಪ್ಪ ಕಾಗದದ ಮೇಲೆ ಬೇರೆಯವರ ಬಗ್ಗೆ ಹೇಳುತ್ತಿದ್ದದ್ದು ಅವನ ಮನೆಯ ನಡುಕೋಣೆಯಲ್ಲಿ ಹೋಳಿಗೆ ತಿನ್ನುತ್ತಾ ಕೂತಿತ್ತು. ಪಟ್ಟಿಯ ಮೇಲಿನ ನಂಬರನ್ನು ನನ್ನಿಂದ ಓದಿಸಿಕೊಂಡು ಫೋನ್ ಮಾಡಲು ಮುಂದಿನ ಕೋಣೆಗೆ ಹೋದ. ಅದು ಎರಡು ಬೀದಿ ಆಚೆಯ ವೃದ್ಧರ ಮನೆ, ನಮ್ಮ ಮನೆಯ ಮಾಲೀಕ ತನ್ನ ತಾಯಿಯನ್ನು ಇಟ್ಟಿದ್ದ ಜಾಗ. ಡೋರೀನ್ ನಡೆದು ನಡೆದು ಇಲ್ಲಿಗೇ ಬರುತ್ತಿದ್ದಳು. ಹಿಂಬಾಗಿಲಿನ ಹಳೆಯ ಬೀಗದ ಕೈ ಅವಳ ಜೇಬಿನಲ್ಲೇ ಇತ್ತು.

ಆಯಿ ತೆವಳಿಕೊಂಡೇ ಕುರ್ಚಿಯ ಹತ್ತಿರ ಹೋದಳು. ಡೋರೀನಳ ಮೊಣಕಾಲ ಮೇಲೆ ಕೈಯಿಟ್ಟು ಅವಳ ಮುಖವನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ನೀಲವ್ವ, ಅವತ್ತು ಕೇಳಿದ್ದು ಈಗ ಕೇಳು. ನಾವು ಇಲ್ಲಿರಬೇಕೋ ಬ್ಯಾಡೋ."

ನಾನು ಕೇಳಿದೆ. ಡೋರೀನ್ ಎಲೆಯನ್ನು ಪಕ್ಕಕ್ಕೆ ಸರಿಸಿ ಯೋಚಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಬೇಡ ಮರಿ," ಎಂದಳು. "ನೀವು ಒಳ್ಳೆಯವರೇ ಇರಬಹುದು. ಆದರೆ ಇದು ನನ್ನ ಮನೆ. ನನಗೆ ನೀವಿಲ್ಲಿರುವುದು ಇಷ್ಟವಿಲ್ಲ."

ಆಯಿ ನನ್ನ ಮುಖದ ಕಡೆ ತಿರುಗಿದಳು. ಅವಳಿಗೆ ನನ್ನ ಕಣ್ಣು ಕಾಣುತ್ತಿರಲಿಲ್ಲ. ಏನು ಹೇಳಿದರೂ ನಂಬುತ್ತಿದ್ದಳು. ಹಿಂದಿನ ಸಲದ ಹಾಗೆ ಹೇಳಿಬಿಟ್ಟರೆ ಆಯಿ ನನಗೆ ಉಳಿಯುತ್ತಾಳೆ ಎಂದು ಗೊತ್ತಿತ್ತು.

"ಬ್ಯಾಡ ಅಂದ್ಲು ಆಯಿ."

"ಖರೇ ಐತಿ," ಎಂದಳು ಆಯಿ. "ನನ್ನ ಮನಿ ಆಗಿದ್ರ ನಾನೂ ಬ್ಯಾಡ ಅಂತಿದ್ದೆ."

ಆಮೇಲೆ ಅವಳು ಎದ್ದಳು. ಅವ್ವನಿಗೆ ಅಕ್ಕಿ ತರಲು ಹೇಳಿದಳು, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು, ಒಂದು ಕುಪ್ಪಸದ ಖಣ. ಮಾಡಿದ ತಪ್ಪನ್ನು ಅಳಿಸುವ ದಾರಿ ಅವಳಿಗೆ ಅದೊಂದೇ ತೋಚಿದ್ದು. ಸತ್ತವರಿಗೆ ಎಡೆ, ಬದುಕಿರುವ ಹೆಣ್ಣುಮಕ್ಕಳಿಗೆ ಉಡಿ. ಉಡಿ ತುಂಬಿಸಿಕೊಂಡವಳನ್ನು ಯಾರೂ ಸತ್ತವಳು ಎನ್ನುವಂತಿಲ್ಲ. ಅವಳಿಗೆ ಗಂಡ ಇದ್ದಾನೋ ಇಲ್ಲವೋ ಕೇಳಬೇಕಲ್ಲವೇ ಎಂದು ಅವ್ವ ಅನುಮಾನಿಸಿದಾಗ ಆಯಿ ಗದರಿದಳು. ನಾನು ಡೋರೀನಳಿಗೆ ಕಾರ್ಡಿಗನ್ನಿನ ಅಂಚನ್ನು ಹಿಡಿಯಲು ಹೇಳಿದೆ. ಅವಳು ಮಗುವಿನ ಹಾಗೆ ಹಿಡಿದಳು. ಆಯಿ ಹಣೆಗೆ ಕುಂಕುಮ ಹಚ್ಚಿ, ಆ ಉಡಿಯೊಳಗೆ ಬೊಗಸೆ ಬೊಗಸೆ ಅಕ್ಕಿ ಸುರಿದಳು. ಅಕ್ಕಿ ಬೀಳುವ ಸದ್ದಿಗೆ ಡೋರೀನ್ ನಕ್ಕಳು. ಆಗ ನನಗೆ ಹೊಳೆಯದಿದ್ದದ್ದು ಈಗ ಹೊಳೆಯುತ್ತದೆ. ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ನಾವು ಉಡಿ ತುಂಬುತ್ತೇವೆ. ಕಳಿಸಿಕೊಡುವವರು ಮನೆಯವರು, ಹೊರಡುವವಳು ಮನೆಯಿಂದಾಚೆಗಿನವಳು. ಆಯಿ ಹಾಗೆಂದು ಲೆಕ್ಕ ಹಾಕಿ ಮಾಡಲಿಲ್ಲ. ಅವಳಿಗೆ ಗೊತ್ತಿದ್ದ ಮರ್ಯಾದೆಗಳಲ್ಲಿ ಅದೇ ದೊಡ್ಡದಾಗಿತ್ತು.

ವೃದ್ಧರ ಮನೆಯ ಹುಡುಗಿ ಕಾರು ತಂದಳು, ಸಾರಿ ಸಾರಿ ಎಂದಳು. ಅವಳ ತೋಳು ಹಿಡಿದು ಡೋರೀನ್ ಮುಂಬಾಗಿಲ ತನಕ ಬಂದಳು, ಇನ್ನೊಂದು ಕೈಯಲ್ಲಿ ಅಕ್ಕಿಯ ಉಡಿ ಚೆಲ್ಲದ ಹಾಗೆ ಹಿಡಿದುಕೊಂಡು. ಹೊಸ್ತಿಲ ಮೇಲೆ ನಿಂತು ಒಳಗೆಲ್ಲ ಒಮ್ಮೆ ನೋಡಿದಳು. ಗೋಡೆ, ಮೆಟ್ಟಿಲು, ಅಪ್ಪನ ಪುಸ್ತಕ. ಅವಳ ಮುಖದಿಂದ ಆ ದಣಿವು ಹೋಗಿತ್ತು. ಯಾವುದೂ ಗುರುತು ಸಿಗದವರ ನಗುಮುಖ ಅದು. ನನ್ನ ಕಡೆ ಬಗ್ಗಿ, "ಥ್ಯಾಂಕ್ ಯೂ ಫಾರ್ ಹ್ಯಾವಿಂಗ್ ಮಿ," ಎಂದಳು. ಬೇರೆಯವರ ಮನೆಗೆ ಪಾರ್ಟಿಗೆ ಹೋದರೆ ಹೊರಡುವಾಗ ಹೇಳು ಎಂದು ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದ ಮಾತು.

"ಏನಂದ್ಲು?" ಎಂದಳು ಆಯಿ.

"ನಿಮ್ಮ ಮನಿಗೆ ಕರದು ಉಣ್ಣಾಕ ಹಾಕಿದ್ರಿ, ಉಪಕಾರ ಆತು ಅಂದ್ಲು."

"ನಿಮ್ಮ ಮನಿ ಅಂದ್ಲೇನು?"

"ಹೂಂ."

ಕಾರು ಹೋಯಿತು. ಆಯಿ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಮನಿ ನಮಗ ಒಪ್ಪಿಸಿ ಹೋದ್ಲು. ಇನ್ನ ನಮಗ ಈ ಮನಿ ಬಿಟ್ಟು ಹೋಗಾಕ ಬರಂಗಿಲ್ಲ ನೀಲವ್ವ," ಎಂದಳು.

ನನಗೆ ಬೇಕಾಗಿದ್ದದ್ದು ಅದೇ. ಅದು ಸಿಕ್ಕಿದ ಗಳಿಗೆಯಲ್ಲಿ ಇಷ್ಟು ಚಳಿಯಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಡೋರೀನ್ ಮತ್ತೆ ಬರಲಿಲ್ಲ. ಅಪ್ಪ ಆ ಅಧ್ಯಾಯವನ್ನು ಹರಿದುಹಾಕಿ ಮೊದಲಿನಿಂದ ಬರೆದ. ಆಯಿ ಹುಬ್ಬಳ್ಳಿಯ ಮಾತೆತ್ತಲಿಲ್ಲ, ಕಣ್ಣಿನ ಆಪರೇಷನ್ ಆಯಿತು, ಕೆಲವು ವರ್ಷ ಚೆನ್ನಾಗಿದ್ದು ಅದೇ ನಡುಕೋಣೆಯಲ್ಲಿ ಒಂದು ಮಧ್ಯಾಹ್ನ ತೀರಿಕೊಂಡಳು. ಆಮೇಲೆ ಮಾಲೀಕ ಮನೆ ಮಾರಿದ, ನಾವು ವೆಂಬ್ಲಿಯ ಫ್ಲಾಟಿಗೆ ಬಂದೆವು. ಈಗ ಅಲ್ಲಿ ಯಾರೋ ಇದ್ದಾರೆ, ಎಲ್ಲಿಯವರೋ ಗೊತ್ತಿಲ್ಲ. ಅಮಾವಾಸ್ಯೆಯ ದಿನ ಇಲ್ಲಿ ಆಯಿಯ ಎಲೆ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಕೂರುತ್ತೇನೆ. ಲಿಫ್ಟಿನ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಅವಳು ಆ ಮನೆ ಬಿಟ್ಟು ಬರುವವಳಲ್ಲ. ಅಲ್ಲಿರುವವರನ್ನು ಯಾರು ನೀವು ಎಂದು ಕೇಳುತ್ತಿರಬೇಕು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ, ದಾಟಿಸಬೇಕಾದ ನಾನು ಇಲ್ಲಿದ್ದೇನೆ.